ಮುತ್ತಜ್ಜನ ಒಂದಾದರೂ ಫೋಟೋ ಸಿಗಬಹುದೇ? ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯವರು ದಯವಿಟ್ಟು ಸಲಹೆ ಕೊಡಿ

ಕಂಪ್ಲಿ_ಕೋಟೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಇತಿಹಾಸವನ್ನು ಬರೆಯಲು ಕುಳಿತಿದ್ದೇನೆ. ಹೆಸರುಗಳು ಐದು ತಲೆಮಾರಿನವರೆಗೆ ಸಿಕ್ಕಿವೆ, ಆದರೆ ಮುಖಗಳು ನಮ್ಮ ತಾತನವರೆಗೆ ಬಂದು ನಿಂತುಬಿಟ್ಟಿವೆ. ತಾತನ ತಂದೆಯವರು ಕಂಪ್ಲಿಯವರೇ ಆದರೂ ಹೊಳೆ ದಾಟಿ ನಿಜಾಮರ ಸೀಮೆಗೆ ಹೋಗಿ, ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ರೂಮಿ ಟೋಪಿ (ಗೊಂಡೆ ಇಳಿಬಿಟ್ಟ ತುರ್ಕಿ ಟೋಪಿ) ಹಾಕಿಕೊಂಡ ಅವರ ಫೋಟೋ ಒಂದು ಕಾಲಕ್ಕೆ ನಮ್ಮ ಪಡಸಾಲೆಯಲ್ಲಿ ಇತ್ತೆಂದು ದೊಡ್ಡಪ್ಪ ಹೇಳುತ್ತಿದ್ದರು. ಮಾಳಿಗೆ ಮನೆಯ ಗೋಡೆ ಮಳೆಗೆ ಕುಸಿದ ಮೇಲೆ ಅದನ್ನು ಯಾರೂ ಕಂಡಿಲ್ಲ. ಮುತ್ತಜ್ಜಿಯ ಚಿತ್ರ ಇತ್ತೋ ಇಲ್ಲವೋ ಎಂಬುದನ್ನು ಹೇಳಬಲ್ಲವರೂ ಈಗ ಉಳಿದಿಲ್ಲ.

ನನ್ನ ಪ್ರಶ್ನೆಗಳು ಎರಡು. ಮನೆಯಲ್ಲಿ ಇಲ್ಲದ ಫೋಟೋವನ್ನು ಹೊರಗೆ ಎಲ್ಲೆಲ್ಲಿ ಹುಡುಕಬಹುದು? ಕೊನೆಗೂ ಸಿಗದಿದ್ದರೆ, ತಾತನ ಮತ್ತು ಅವರ ತಮ್ಮಂದಿರ ಫೋಟೋಗಳನ್ನು ಕೊಟ್ಟು ಕೃತಕ ಬುದ್ಧಿಮತ್ತೆಯಿಂದ ಮುತ್ತಜ್ಜನ ಮುಖವನ್ನು ಮಾಡಿಸಿ ಪುಸ್ತಕದಲ್ಲಿ ಹಾಕುವುದು ಸರಿಯೇ? ನನ್ನ ಮಗ ಅದನ್ನೇ ಸೂಚಿಸುತ್ತಿದ್ದಾನೆ.

ಮಾನ್ವಿ_ಮನೆಮಗಳು
ಸರ್, ನಿಮ್ಮ ಮನೆಯಲ್ಲಿ ಹುಡುಕುವುದನ್ನು ಸಾಕುಮಾಡಿ, ನಿಮ್ಮ ಮನೆಯಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳ ಮನೆಗಳಲ್ಲಿ ಹುಡುಕಿರಿ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ಎತ್ತು, ಹಿತ್ತಾಳೆಯ ಹಂಡೆ ಎಲ್ಲವೂ ಪಾಲಾಗುತ್ತವೆ, ಆದರೆ ಫೋಟೋ ಯಾರ ಪಾಲಿಗೂ ಬರುವುದಿಲ್ಲ. ತವರಿನ ನೆನಪಿಗೆ ಇರಲಿ ಎಂದು ಅದನ್ನು ಕೇಳಿ ಒಯ್ಯುವವಳು ಮಗಳೇ. ವಂಶವೃಕ್ಷ ಬರೆಯುವವರು ಗಂಡುಮಕ್ಕಳ ಸಾಲನ್ನಷ್ಟೇ ಹಿಡಿದುಕೊಂಡು ಹೋಗುವುದರಿಂದ ಆ ಮನೆಗಳ ಬಾಗಿಲು ತಟ್ಟುವುದೇ ಇಲ್ಲ.

ನಮ್ಮ ಮುತ್ಯಾನ ಫೋಟೋ ಸಿಕ್ಕಿದ್ದು ಸೋದರತ್ತೆಯ ತಗಡಿನ ಟ್ರಂಕಿನಲ್ಲಿ. ಇಳಕಲ್ ಸೀರೆಗಳ ತಳದಲ್ಲಿ, ಹಳೆಯ ಖಣದ ತುಂಡಿನಲ್ಲಿ ಸುತ್ತಿಟ್ಟಿದ್ದರು. ಅದಕ್ಕೆ ಕಟ್ಟೂ ಇರಲಿಲ್ಲ, ಗಾಜೂ ಇರಲಿಲ್ಲ. ಅಮಾವಾಸ್ಯೆಗೊಮ್ಮೆ ಹೊರತೆಗೆದು ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದುದರಿಂದ ಹಣೆಯ ಜಾಗದಲ್ಲಿ ಚಿತ್ರವೇ ಅಳಿಸಿ, ಕೆಳಗಿನ ಕಾಗದದ ಬಿಳಿ ಕಾಣುತ್ತಿತ್ತು. ಕಣ್ಣು, ಮೂಗು, ಮೀಸೆ ಎಲ್ಲವೂ ಸ್ಪಷ್ಟವಾಗಿದ್ದವು. ನಮ್ಮ ತಂದೆಗೆ ಅಂಥದ್ದೊಂದು ಫೋಟೋ ಇದೆಯೆಂಬುದೇ ಗೊತ್ತಿರಲಿಲ್ಲ, ಏಕೆಂದರೆ ಅವರು ಕೇಳಿರಲೇ ಇಲ್ಲ.

ಸಿರುಗುಪ್ಪ_ಗದ್ದೆ
ಅಕ್ಕಾವರ ಮಾತು ನೂರಕ್ಕೆ ನೂರು ನಿಜ. ನಮಗೂ ಅಜ್ಜಿಯ ಫೋಟೋ ಸಿಕ್ಕಿದ್ದು ಆಕೆಯ ತವರುಮನೆಯಲ್ಲೇ.

ಕತ್ತಲೆಕೋಣೆ_ಬಳ್ಳಾರಿ
ಬಳ್ಳಾರಿಯಲ್ಲಿ ಬಹಳ ವರ್ಷ ಸ್ಟುಡಿಯೊ ನಡೆಸಿದವನು ನಾನು, ಆದ್ದರಿಂದ ಸ್ಟುಡಿಯೊಗಳ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ಹಳೆಯ ಸ್ಟುಡಿಯೊಗೆ ಹೋಗಿ ಅಜ್ಜನ ನೆಗೆಟಿವ್ ಇದೆಯೇ ಎಂದು ಕೇಳುವವರು ಈಗಲೂ ಇದ್ದಾರೆ, ಆದರೆ ನೆಗೆಟಿವ್ ಗಾಜಿನ ಪ್ಲೇಟಿನ ಮೇಲೆಯೇ ಇರುತ್ತಿದ್ದ ಕಾಲದ್ದು ಸಿಗುವುದು ಅಪರೂಪ. ಗಾಜಿಗೆ ಬೆಲೆಯಿತ್ತು. ಪ್ಲೇಟನ್ನು ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಲೇಪವನ್ನು ಕೆರೆದು ತೆಗೆದು, ಆ ಗಾಜನ್ನೇ ಬೇರೊಬ್ಬರ ಫೋಟೋಕ್ಕೆ ಕಟ್ಟು ಹಾಕಲು ಬಳಸುತ್ತಿದ್ದರು. ಮುಂದೆ ಫಿಲ್ಮ್ ಬಂದಾಗ ಅದರೊಳಗಿನ ಬೆಳ್ಳಿಗಾಗಿ ಹಳೆಯ ನೆಗೆಟಿವ್‌ಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುವವರು ಊರೂರು ತಿರುಗುತ್ತಿದ್ದರು. ನನಗೆ ಪರಿಚಯವಿದ್ದ ಒಂದು ಸ್ಟುಡಿಯೊದವರು ಮೂರು ತಲೆಮಾರಿನ ಸಂಗ್ರಹವನ್ನು ಹಾಗೆಯೇ ಕೊಟ್ಟುಬಿಟ್ಟರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆದರೂ ಹೋಗಿ ಕೇಳಿ. ನೆಗೆಟಿವ್ ಇಲ್ಲದಿದ್ದರೂ ಕೆಲವರ ಬಳಿ ಆರ್ಡರ್ ಪುಸ್ತಕಗಳಿವೆ, ಗಿರಾಕಿಗಳು ಒಯ್ಯದೇ ಬಿಟ್ಟ ಪ್ರಿಂಟುಗಳ ಲಕೋಟೆಗಳಿವೆ. ಬ್ರೋಮೈಡ್ ಎಂಬ ಫೋಟೋ ಕಾಗದದ ಮೇಲೆ ದೊಡ್ಡದು ಮಾಡಿಸಲು ಯಾರೋ ಕೊಟ್ಟುಹೋದ ಮೂಲ ಫೋಟೋ ಎಷ್ಟೋ ಸಲ ಅಲ್ಲೇ ಉಳಿದಿರುತ್ತದೆ.

ಫೋಟೋ ಸಿಕ್ಕಾಗ ಮುಖವನ್ನು ನೋಡಿದಷ್ಟೇ ಶ್ರದ್ಧೆಯಿಂದ ರಟ್ಟನ್ನೂ ನೋಡಿರಿ. ದಪ್ಪ ರಟ್ಟಿಗೆ ಅಂಟಿಸಿದ್ದು, ಕೆಳಗಿನ ಮೂಲೆಯಲ್ಲಿ ಸ್ಟುಡಿಯೊದ ಹೆಸರು ಉಬ್ಬಚ್ಚಿನಲ್ಲಿ ಇದ್ದರೆ ಊರು ತಿಳಿಯುತ್ತದೆ. ಅಂಚಿನಲ್ಲಿ ಕಪ್ಪುಭಾಗಗಳು ಓರೆ ಹಿಡಿದಾಗ ಬೆಳ್ಳಿಯಂತೆ ಹೊಳೆದರೆ ಅದು ಕಾಗದದೊಳಗಿನ ಬೆಳ್ಳಿ ಮೇಲೆ ಬಂದ ಗುರುತು. ಅದನ್ನು ಒರೆಸಲು ಹೋಗಬಾರದು. ಕಟ್ಟಿನ ಹಿಂದೆ ತುಂಬಿದ ಹಳೆಯ ಪತ್ರಿಕೆಯ ತುಂಡನ್ನೂ ಎಸೆಯಬೇಡಿ. ಅದರ ಮೇಲೆ ತಾರೀಖಿದ್ದರೆ ಕಟ್ಟು ಹಾಕಿಸಿದ ಕಾಲ ಸುಮಾರಾಗಿ ಗೊತ್ತಾಗುತ್ತದೆ, ಫೋಟೋ ಆ ಕಟ್ಟಿಗಿಂತ ಹಳೆಯದೇ ಆಗಿರಬೇಕು.

ದೇವದುರ್ಗ_ಕೂಲಿಕಾರ
ನೀವೆಲ್ಲ ಟ್ರಂಕು, ಕಟ್ಟು, ಸ್ಟುಡಿಯೊ ಎನ್ನುತ್ತಿದ್ದೀರಿ. ನಮ್ಮಂಥವರ ಮನೆಯಲ್ಲಿ ಫೋಟೋ ತೆಗೆಸುವ ಶಕ್ತಿ ಯಾರಿಗಿತ್ತು? ನಮ್ಮ ಅಜ್ಜ ಜೀವನಪೂರ್ತಿ ಗೌಡರ ಹೊಲದಲ್ಲಿ ದುಡಿದವರು. ಅವರ ಮೊದಲ ಫೋಟೋ ಚುನಾವಣಾ ಗುರುತಿನ ಚೀಟಿಯದ್ದು. ಆ ಚೀಟಿಗಳು 1993ರಿಂದ ಈಚೆಗೆ ಬಂದವು. ಅಷ್ಟರಲ್ಲಿ ಅಜ್ಜನಿಗೆ ಕಣ್ಣೇ ಮಂಜಾಗಿತ್ತು. ಅದಕ್ಕಿಂತ ಹಿಂದಿನ ತಲೆಮಾರಿನ ಮುಖವನ್ನು ಹುಡುಕಿರಿ ಎಂದು ನನಗೆ ಯಾರೂ ಹೇಳಲಾರರು.

ಕತ್ತಲೆಕೋಣೆ_ಬಳ್ಳಾರಿ
ತಮ್ಮಾ, ನಿಮ್ಮ ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ಜಾತ್ರೆಗಳಲ್ಲಿ ಪರದೆ ಕಟ್ಟಿ ಫೋಟೋ ತೆಗೆಯುತ್ತಿದ್ದವರ ಮುಂದೆ ನಿಂತವರಲ್ಲಿ ಹೆಚ್ಚಿನವರು ದುಡಿಯುವ ಜನರೇ. ಹುಲಿಗಿಯ ಹುಣ್ಣಿಮೆಗೆ, ಕೊಪ್ಪಳದ ಗವಿಮಠದ ಜಾತ್ರೆಗೆ, ಕುರುಗೋಡಿನ ತೇರಿಗೆ ಬಂದವರು ಹೊಸ ಬಟ್ಟೆಯಲ್ಲಿ ಗಂಡ ಹೆಂಡತಿ ಸೇರಿ ಒಂದು ಫೋಟೋ ತೆಗೆಸಿಕೊಂಡು, ಕಟ್ಟು ಹಾಕಿಸಲು ಹಣವಿಲ್ಲದೆ ದೇವರ ಗೂಡಿನಲ್ಲೋ ಬೆಲ್ಲದ ಡಬ್ಬಿಯಲ್ಲೋ ಇಟ್ಟುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೇವದುರ್ಗ_ಕೂಲಿಕಾರ
ಅದು ನಿಮ್ಮ ಕಾಲದ ಮಾತು, ಗುರುಗಳೇ. ನಾನು ಕೇಳುತ್ತಿರುವುದು ಅದಕ್ಕಿಂತ ಹಿಂದಿನವರ ಬಗ್ಗೆ.

ಹಟ್ಟಿ_ಮೂರನೇಪಾಳಿ
ಹಿಂದಿನವರಿಗೂ ಒಂದು ದಾರಿಯಿದೆ. ಅವರ ಫೋಟೋ ಅವರ ಮನೆಯಲ್ಲಿ ಇರಲಾರದು. ಬೇರೆಯವರು ತೆಗೆಸಿದ ಫೋಟೋದಲ್ಲಿ ಅವರು ಇರುತ್ತಾರೆ. ಚಿನ್ನದ ಗಣಿಯಲ್ಲಿ ಸಾಹೇಬರ ಬೀಳ್ಕೊಡುಗೆಗೆ ತೆಗೆದ ಗುಂಪು ಫೋಟೋಗಳನ್ನು ನೋಡಿರಿ. ಮುಂದೆ ಕುರ್ಚಿಯಲ್ಲಿ ಕುಳಿತವರ ಹೆಸರು ಮಾತ್ರ ಕೆಳಗೆ ಅಚ್ಚಾಗಿರುತ್ತದೆ, ಹಿಂದೆ ನಿಂತ ಎರಡು ಸಾಲಿನವರಿಗೆ ಹೆಸರೇ ಇಲ್ಲ. ಅಂಥದ್ದೊಂದು ಫೋಟೋದಲ್ಲಿ ನಮ್ಮ ತಂದೆ ತಮ್ಮ ತಂದೆಯನ್ನು ಗುರುತಿಸಿದ್ದು ಮುಖದಿಂದಲ್ಲ, ಎಡಗೈಯ ತುಂಡಾದ ಬೆರಳಿನಿಂದ. ಗೌಡರ ಮನೆಯ ಮದುವೆ, ತೇರು, ಹೊಸ ಬಾವಿಯ ಪೂಜೆ ಎಂದು ತೆಗೆಸಿದ ಫೋಟೋಗಳಲ್ಲಿ ಎತ್ತಿನ ಮೂಗುದಾರ ಹಿಡಿದು ನಿಂತವರು ಯಾರೆಂದು ಕೇಳಿರಿ. ಕೇಳಲು ಹೋಗುವುದು ಸುಲಭವಲ್ಲ ಎಂಬುದು ನನಗೂ ಗೊತ್ತು.

ದೇವದುರ್ಗ_ಕೂಲಿಕಾರ
ಇದನ್ನು ನಾನು ಯೋಚಿಸಿರಲಿಲ್ಲ. ಕೇಳಿ ನೋಡುತ್ತೇನೆ.

ದತ್ತಮಂಡಲ
ಮೂಲ ಪ್ರಶ್ನೆಗೆ ಬರೋಣ. ನಮ್ಮ ಸೀಮೆಯವರು ಮೊದಲು ತಿಳಿಯಬೇಕಾದದ್ದು ತಮ್ಮ ಹಿರಿಯರು ಯಾವ ಸರ್ಕಾರದ ಕೆಳಗಿದ್ದರು ಎಂಬುದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕೊಪ್ಪಳವಂತೂ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಹಗೀರು. ಸಂಡೂರು ಬೇರೆಯೇ ಒಂದು ಸಂಸ್ಥಾನ. ಆದ್ದರಿಂದ ಸರ್ಕಾರಿ ನೌಕರಿಯಲ್ಲಿದ್ದವರ ಕಾಗದಪತ್ರಗಳು ಬೆಂಗಳೂರಿಗಿಂತ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರದಲ್ಲೋ ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರದಲ್ಲೋ ಸಿಗುವ ಸಂಭವ ಹೆಚ್ಚು. ಅಲ್ಲಿ ಫೋಟೋಗಳು ರಾಶಿಯಾಗಿ ಸಿಗುತ್ತವೆಂದು ತಿಳಿಯಬೇಡಿ. ಆದರೆ ಯಾವ ವರ್ಷ ಯಾವ ಊರಿನಲ್ಲಿದ್ದರು ಎಂಬುದು ತಿಳಿದರೆ ಯಾವ ಶಾಲೆಯ, ಯಾವ ಕಚೇರಿಯ ಗುಂಪು ಫೋಟೋ ನೋಡಬೇಕೆಂಬುದು ಖಚಿತವಾಗುತ್ತದೆ.

ಬಳ್ಳಾರಿಯಲ್ಲಿ ಓದಿದವರಾದರೆ ವಾರ್ಡ್ಲಾ ಶಾಲೆಯ ಫೋಟೋಗಳನ್ನು ಮರೆಯಬೇಡಿ. ಅದು ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರ ಶಾಲೆ. ಆ ಮಿಷನ್ನಿನ ಹಳೆಯ ಕಡತಗಳು ಈಗ ಲಂಡನ್ ವಿಶ್ವವಿದ್ಯಾಲಯದ ಸೋಯಾಸ್ (SOAS) ಸಂಸ್ಥೆಯ ಗ್ರಂಥಾಲಯದಲ್ಲಿವೆ. ರಾಯಚೂರಿನವರಾದರೆ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯಿದೆ. ನಾಟಕದ ಹುಚ್ಚಿದ್ದ ಮನೆತನವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಬಳ್ಳಾರಿ ರಾಘವರ ಕಾಲದ ಕಲಾವಿದರು ವೇಷದಲ್ಲಿ ಫೋಟೋ ತೆಗೆಸಿಕೊಳ್ಳುವುದನ್ನು ಬಹಳ ಇಷ್ಟಪಡುತ್ತಿದ್ದರು.

ಕುಕನೂರು_ಓದುಗ
ದತ್ತಮಂಡಲ ಅವರ ಪಟ್ಟಿಗೆ ಒಂದು ಸೇರಿಸುತ್ತೇನೆ. ಹೈದರಾಬಾದ್ ವಿಮೋಚನಾ ಹೋರಾಟದಲ್ಲಿ ಮುಂಡರಗಿಯಂಥ ಗಡಿ ಶಿಬಿರಗಳಲ್ಲಿದ್ದವರ ಫೋಟೋಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿವೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಾಕಿದವರಿದ್ದರೆ ಮನೆಯಲ್ಲಿ ಅದರ ಪ್ರತಿಯನ್ನು ಹುಡುಕಿರಿ. ಅದಕ್ಕೆ ಅಂಟಿಸಿದ ಫೋಟೋ ಉಳಿದಿರಬಹುದು.

ಹಂಪಿ_ಹವ್ಯಾಸಿ
ಹಂಪಿಯನ್ನು ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಷ್ಟು ಹಿಂದೆಯೇ ಫೋಟೋ ತೆಗೆದಿದ್ದಾನೆ. ಥರ್ಸ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿಯೂ ಬಹಳ ಜನರ ಚಿತ್ರಗಳಿವೆ. ಅವೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಯೂ ನೋಡಬಹುದಲ್ಲವೇ?

ದತ್ತಮಂಡಲ
ನೋಡಬಹುದು, ಆದರೆ ಮನೆತನದ ಪುಸ್ತಕಕ್ಕೆ ಅವು ಕೆಲಸಕ್ಕೆ ಬಾರವು. ಗ್ರೀನ್‌ಲಾ ತೆಗೆದದ್ದು ಗುಡಿ ಗೋಪುರಗಳನ್ನು. ಥರ್ಸ್ಟನ್ನನ ಚಿತ್ರಗಳ ಕೆಳಗೆ ಇರುವುದು ಜಾತಿಯ ಹೆಸರು, ಮನುಷ್ಯನ ಹೆಸರಲ್ಲ. ನಮ್ಮ ಜಾತಿಯವರೆಂಬ ಒಂದೇ ಕಾರಣಕ್ಕೆ ಅಪರಿಚಿತನೊಬ್ಬನ ಚಿತ್ರವನ್ನು ತೆಗೆದು ನಮ್ಮ ಮುತ್ತಜ್ಜನ ಜಾಗದಲ್ಲಿ ಇಟ್ಟವರನ್ನು ನಾನು ನೋಡಿದ್ದೇನೆ. ಆತನ ವಂಶದವರಿಗೂ ಅದು ಅನ್ಯಾಯ, ನಮ್ಮವರಿಗೂ ಅನ್ಯಾಯ.

ಹಂಪಿ_ಹವ್ಯಾಸಿ
ಒಪ್ಪಿದೆ. ಆದರೂ ಆ ಕಾಲದ ಉಡುಗೆ ತೊಡುಗೆ ತಿಳಿಯಲು ಅವು ಉಪಯುಕ್ತ ಎಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ.

ಮಾನ್ವಿ_ಮನೆಮಗಳು
ಮುತ್ತಜ್ಜಿಯ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ಮರ್ಯಾದಸ್ಥ ಮನೆಯ ಹೆಂಗಸರು ಪರಪುರುಷನ ಕ್ಯಾಮೆರಾದ ಮುಂದೆ ಕೂರಬಾರದೆಂಬ ನಿರ್ಬಂಧವಿತ್ತು. ಹೈದರಾಬಾದಿನಲ್ಲಿ ನಿಜಾಮರ ಛಾಯಾಗ್ರಾಹಕರಾದ ರಾಜಾ ದೀನ್ ದಯಾಳರು 1892ರಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೊ ತೆರೆದು ಹೆಂಗಸೊಬ್ಬರನ್ನೇ ನೇಮಿಸಿದರೆಂದರೆ ಆ ನಿರ್ಬಂಧ ಎಷ್ಟು ಬಿಗಿಯಾಗಿತ್ತೆಂದು ಊಹಿಸಬಹುದು. ಅದು ಶ್ರೀಮಂತರಿಗೆ ಒದಗಿದ ಸೌಕರ್ಯ. ನಮ್ಮ ಹಳ್ಳಿಗಳ ಹೆಂಗಸರ ಫೋಟೋ ಸಿಗುವುದಿದ್ದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು ಸಿಗುತ್ತದೆ. ಆದ್ದರಿಂದ ಮಕ್ಕಳ ಫೋಟೋಗಳನ್ನು ತಿರುವಿ ಹಾಕಿರಿ. ಅಂಚಿನಲ್ಲಿ ಬರಿಯ ಕೈಬಳೆ ಕಂಡರೂ ಆ ಕೈ ಯಾರದೆಂದು ವಿಚಾರಿಸಿರಿ.

ಯಲಬುರ್ಗಾ_ಹಿರಿಮಗ
ನಮ್ಮ ಮನೆಯಲ್ಲಿ ಮುತ್ತಜ್ಜಿಯ ಫೋಟೋ ಒಂದೇ ಇದೆ, ಅದೂ ತೀರಿಹೋದ ದಿನ ತೆಗೆಸಿದ್ದು. ನಮ್ಮ ಸಂಪ್ರದಾಯದಂತೆ ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ಹಣೆ ತುಂಬ ವಿಭೂತಿಯಿದೆ, ಕೊರಳಲ್ಲಿ ಹೂಮಾಲೆಯಿದೆ, ಎರಡೂ ಕಡೆ ಮಕ್ಕಳು ಮೊಮ್ಮಕ್ಕಳು ಕುಳಿತಿದ್ದಾರೆ. ಅದನ್ನು ಮನೆತನದ ಪುಸ್ತಕದಲ್ಲಿ ಹಾಕಬಾರದೆಂದು ನನ್ನ ತಂಗಿ ಹಟ ಹಿಡಿದಿದ್ದಾಳೆ. ನಿಮ್ಮೆಲ್ಲರ ಅಭಿಪ್ರಾಯವೇನು?

ಸಿರುಗುಪ್ಪ_ಗದ್ದೆ
ತಂಗಿಯ ಮಾತೇ ಸರಿ. ಹೆಣದ ಫೋಟೋವನ್ನು ಪುಸ್ತಕದಲ್ಲಿ ನೋಡಲು ಮಕ್ಕಳು ಹೆದರುತ್ತಾರೆ.

ಮಾನ್ವಿ_ಮನೆಮಗಳು
ನಾನು ಒಪ್ಪುವುದಿಲ್ಲ. ಆ ತಾಯಿಯ ಮುಖ ಜಗತ್ತಿನಲ್ಲಿ ಉಳಿದಿರುವುದು ಆ ಒಂದು ಕಾಗದದ ಮೇಲೆ ಮಾತ್ರ. ಎಲ್ಲ ಮಕ್ಕಳೂ ಮೊಮ್ಮಕ್ಕಳೂ ಒಟ್ಟಿಗೆ ಕುಳಿತ ಫೋಟೋ ಕೂಡ ಬಹುಶಃ ಅದೊಂದೇ ಇರುತ್ತದೆ. ಮದುವೆಗೆ ಬಾರದವರೂ ಸಾವಿಗೆ ಬಂದಿರುತ್ತಾರೆ.

ಕತ್ತಲೆಕೋಣೆ_ಬಳ್ಳಾರಿ
ಹಿಂದೆ ಇಂಥ ಫೋಟೋ ಕೊಟ್ಟು, ಕಣ್ಣು ತೆರೆದಂತೆ ಬರೆಸಿಕೊಂಡು ಹೋಗುವವರು ಬಹಳ ಜನರಿದ್ದರು. ಗೋಡೆಯ ಮೇಲಿನ ಎಷ್ಟೋ ಅಜ್ಜ ಅಜ್ಜಿಯರ ಕಣ್ಣುಗಳು ಕಲಾವಿದನ ಕುಂಚದಿಂದ ಬಂದವು. ಕಣ್ಣುಗಳು ಮುಖಕ್ಕಿಂತ ಹೊಸದಾಗಿ, ಗಾಢವಾಗಿ ಕಂಡರೆ ಅನುಮಾನಪಡಿರಿ. ಪುಸ್ತಕದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಹಾಕಿ, ಯಾವುದು ಯಾವುದೆಂದು ಕೆಳಗೆ ಬರೆದರೆ ಸಾಕು.

ಗಂಗಾವತಿ_ಗಣಕ
ಹಾಗಿದ್ದರೆ ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದರೆ ತಪ್ಪೇನು? ಅಂದು ಕುಂಚ ಮಾಡಿದ ಕೆಲಸವನ್ನು ಇಂದು ಗಣಕಯಂತ್ರ ಮಾಡುತ್ತದೆ. ಮಸುಕಾದದ್ದನ್ನು ತಿಳಿಗೊಳಿಸುತ್ತದೆ, ಬಣ್ಣ ತುಂಬುತ್ತದೆ. ಕಂಪ್ಲಿಯವರ ಮಗನ ಸಲಹೆಯಲ್ಲಿ ನನಗೆ ದೋಷ ಕಾಣುವುದಿಲ್ಲ.

ಕತ್ತಲೆಕೋಣೆ_ಬಳ್ಳಾರಿ
ವ್ಯತ್ಯಾಸ ದೊಡ್ಡದಿದೆ, ಸರ್. ಆ ಕಲಾವಿದನ ಎದುರಿಗೆ ಸತ್ತವರನ್ನು ಬಲ್ಲವರು ಕೂತಿರುತ್ತಿದ್ದರು. ಕಣ್ಣು ಇಷ್ಟು ದೊಡ್ಡದಿರಲಿಲ್ಲ, ಹುಬ್ಬು ಕೂಡಿಕೊಂಡಿತ್ತು ಎಂದು ಹೇಳಿ ತಿದ್ದಿಸುತ್ತಿದ್ದರು. ಯಂತ್ರಕ್ಕೆ ನಿಮ್ಮ ಮುತ್ತಜ್ಜ ಗೊತ್ತಿಲ್ಲ. ಅದು ತಾನು ಕಂಡ ಸಾವಿರಾರು ಮುಖಗಳಿಂದ ಹೊಂದುವಂಥದ್ದೊಂದನ್ನು ಮಾಡಿ ಕೊಡುತ್ತದೆ. ಬಣ್ಣ ತುಂಬಿದಾಗ ಕೂಡ ಸೀರೆಯ ಬಣ್ಣ ಅದರ ಊಹೆಯೇ. ಕಪ್ಪು ಬಿಳುಪಿನಲ್ಲಿ ಕಡುಕೆಂಪು ಯಾವುದು, ಕಡುಹಸಿರು ಯಾವುದು ಎಂದು ನನಗೇ ಹೇಳಲು ಬರುವುದಿಲ್ಲ.

ಗಂಗಾವತಿ_ಗಣಕ
ಊಹೆಯೆಂದು ಕೆಳಗೆ ಬರೆದರಾಯಿತಲ್ಲ?

ಹಟ್ಟಿ_ಮೂರನೇಪಾಳಿ
ನೀವು ಬರೆಯುತ್ತೀರಿ. ನಿಮ್ಮ ಅಳಿಯ ಆ ಚಿತ್ರವನ್ನಷ್ಟೇ ಕತ್ತರಿಸಿ ಮೊಬೈಲಿನಲ್ಲಿ ಬಂಧುಬಳಗಕ್ಕೆ ಕಳಿಸುತ್ತಾನೆ, ಬರಹ ಅಲ್ಲೇ ಉಳಿಯುತ್ತದೆ. ಮುಂದಿನ ಪೀಳಿಗೆಗೆ ಅದೇ ಮುತ್ತಜ್ಜನ ಮುಖವಾಗುತ್ತದೆ, ನಿಜವಾದ ಫೋಟೋ ಎಲ್ಲಿಂದಲಾದರೂ ಬಂದರೆ ಇದು ಯಾರದೋ ಎಂದು ಪಕ್ಕಕ್ಕಿಡುತ್ತಾರೆ.

ಕಂಪ್ಲಿ_ಕೋಟೆ
ಹಟ್ಟಿಯವರ ಮಾತು ನನಗೆ ಸರಿಯೆನಿಸಿತು. ಮಗನಿಗೂ ಓದಿ ಹೇಳಿದೆ. ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ.

ಮುಳುಗಡೆ_ಮನೆತನ
ನಮ್ಮ ಹಿರಿಯರ ಊರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿತು. 1953ರ ಹೊತ್ತಿಗೆ ಅಣೆಕಟ್ಟು ಮುಗಿದು, ಹಳ್ಳಿಗಳ ಜನ ಮರಿಯಮ್ಮನಹಳ್ಳಿ ಮುಂತಾದ ಕಡೆ ಚದುರಿಹೋದರು. ಬಂಡಿಯಲ್ಲಿ ಕಾಳು, ಪಾತ್ರೆ, ಬಾಗಿಲು ಚೌಕಟ್ಟು ಹೇರಿಕೊಂಡು ಬಂದವರು ಫೋಟೋಗಳನ್ನು ಎಲ್ಲಿಟ್ಟರೋ ಹೇಳುವವರಿಲ್ಲ. ನಮಗೆ ನೆರವಾದದ್ದು ಹೆಳವರು. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಅವರ ಪುಸ್ತಕದಲ್ಲಿ ಚಿತ್ರಗಳಿಲ್ಲ, ಆದರೆ ನಮ್ಮ ಮನೆತನದ ಯಾವ ಕವಲು ಯಾವ ಊರಿಗೆ ಹೋಯಿತೆಂಬುದು ಇತ್ತು. ಆ ಕವಲಿನವರ ಮನೆಯ ಗೋಡೆಯ ಮೇಲೆ ನಮ್ಮ ಮುತ್ತಜ್ಜನ ತಮ್ಮನ ಫೋಟೋ ಸಿಕ್ಕಿತು.

ಕಂಪ್ಲಿ_ಕೋಟೆ
ಒಂದು ಸಂತೋಷದ ಸುದ್ದಿ. ಮಾನ್ವಿಯ ಅಕ್ಕಾವರು ಹೇಳಿದಂತೆ, ತಾತನ ತಂಗಿಯನ್ನು ಕೊಟ್ಟ ಆದೋನಿಯ ಮನೆಗೆ ಫೋನು ಮಾಡಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ 1953ರಲ್ಲಿ ಆಂಧ್ರಕ್ಕೆ ಹೋದ ಮೇಲೆ ನಮ್ಮ ಹೋಗಿಬರುವಿಕೆ ಕಡಿಮೆಯಾಗಿತ್ತು. ಅವರಲ್ಲಿ ಒಂದು ಫೋಟೋ ಇದೆ, ಮೊಬೈಲಿನಲ್ಲಿ ಕಳಿಸಿದ್ದಾರೆ. ರೂಮಿ ಟೋಪಿಯವರು ಇಬ್ಬರು ಕುರ್ಚಿಯಲ್ಲಿದ್ದಾರೆ, ಒಬ್ಬರು ರುಮಾಲು ಸುತ್ತಿಕೊಂಡು ನಿಂತಿದ್ದಾರೆ, ಬಲತುದಿಯಲ್ಲಿ ಬರಿಗಾಲಿನ ಇನ್ನೊಬ್ಬರು ತೋಳಿನ ಮೇಲೆ ಯಾರದೋ ಕೋಟನ್ನು ಹಾಕಿಕೊಂಡು ನಿಂತಿದ್ದಾರೆ. ಹಿಂದೆ ಉರ್ದುವಿನಲ್ಲಿ ಒಂದು ಸಾಲಿದೆ, ಅಂಕಿಗಳೂ ಇವೆ. ಮೂಲ ಫೋಟೋ ಗಾಜಿಗೆ ಅಂಟಿಕೊಂಡಿದೆಯಂತೆ. ಕಿತ್ತು ತೆಗೆಯಲು ಹೇಳಲೇ?

ಕತ್ತಲೆಕೋಣೆ_ಬಳ್ಳಾರಿ
ಖಂಡಿತ ಬೇಡ. ಕಿತ್ತರೆ ಮುಖ ಗಾಜಿಗೆ, ಕಾಗದ ನಿಮ್ಮ ಕೈಗೆ ಬರುತ್ತದೆ. ನೀರಿನಲ್ಲಿ ನೆನೆಸುವ ಸಾಹಸವನ್ನೂ ಮನೆಯಲ್ಲಿ ಮಾಡಬೇಡಿ. ಗಾಜಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿರಿ, ಸ್ಪಷ್ಟತೆಯ ಅಳತೆ 600 ಡಿಪಿಐಗಿಂತ (ಇಂಚಿಗೆ 600 ಚುಕ್ಕೆ) ಕಡಿಮೆ ಬೇಡ, ಹಿಂಬದಿಯನ್ನೂ ಬಿಡಬೇಡಿ. ಕಡತವನ್ನು ಗುಣಮಟ್ಟ ಕುಗ್ಗದ ಟಿಫ್ (TIFF) ರೂಪದಲ್ಲಿ ಉಳಿಸಿರಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ.

ರಾಯಚೂರು_ಉರ್ದುಮೇಷ್ಟ್ರು
ಹಿಂಬದಿಯ ಚಿತ್ರ ನೋಡಿದೆ. ಮೊದಲು ರಾಯಚೂರು ಎಂದಿದೆ, ಆಮೇಲೆ ಫರ್ವರ್ದಿ 1341 ಫಸಲಿ ಎಂದಿದೆ. ಫಸಲಿ ಎಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಪಂಚಾಂಗ. ನಿಜಾಮರ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ಫಸಲಿ ವರ್ಷಕ್ಕೆ 590 ಸೇರಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ಫರ್ವರ್ದಿ ಆ ವರ್ಷದ ಐದನೆಯ ತಿಂಗಳಾದ್ದರಿಂದ ಇದು 1932ರ ಫೆಬ್ರವರಿ ಮಾರ್ಚಿನ ಸುಮಾರಿನದು. ಹತ್ತಿಯ ವ್ಯಾಪಾರ ಭರದಲ್ಲಿರುವ ಕಾಲ. ಹೆಸರುಗಳಿಲ್ಲ.

ಕಂಪ್ಲಿ_ಕೋಟೆ
ಮೇಷ್ಟ್ರೇ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ಆಗ ಮುತ್ತಜ್ಜನಿಗೆ ಮೂವತ್ತರ ಆಸುಪಾಸು. ಟೋಪಿಯ ಇಬ್ಬರಲ್ಲಿ ಎಡಗಡೆಯವರೇ ಇರಬೇಕು, ನಮ್ಮ ತಾತನ ಗಲ್ಲವೇ ಕಾಣುತ್ತದೆ. ಆದೋನಿಯ ಅಜ್ಜಿಗೆ ಎಡಗಡೆಯವರನ್ನು ತೋರಿಸಿ ಕೇಳುತ್ತೇನೆ.

ಮಾನ್ವಿ_ಮನೆಮಗಳು
ಹಾಗೆ ಕೇಳಬೇಡಿ, ಸರ್. ಇವರೇ ಅಲ್ಲವೇ ಎಂದು ಬೆರಳಿಟ್ಟು ಕೇಳಿದರೆ ವಯಸ್ಸಾದವರು ನಿಮ್ಮ ಆಸೆ ನೋಡಿ ಹೌದೆಂದುಬಿಡುತ್ತಾರೆ. ಫೋಟೋವನ್ನು ಕೈಗೆ ಕೊಟ್ಟು, ಇದರಲ್ಲಿ ನಿಮಗೆ ಯಾರು ಗೊತ್ತು ಎಂದಷ್ಟೇ ಕೇಳಿ ಸುಮ್ಮನಿರಿ. ಕಂಪ್ಲಿಯಲ್ಲಿ ಇನ್ನೊಬ್ಬ ಹಿರಿಯರಿದ್ದರೆ ಅವರನ್ನು ಬೇರೆಯಾಗಿ ಕೇಳಿರಿ, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದು. ಹೇಳುವಾಗ ಧ್ವನಿಯನ್ನೂ ಮುದ್ರಿಸಿಕೊಳ್ಳಿ.

ದೇವದುರ್ಗ_ಕೂಲಿಕಾರ
ಸರ್, ನನ್ನದೊಂದು ವಿನಂತಿ. ಉಳಿದ ಮೂವರ ಹೆಸರನ್ನೂ ಕೇಳಿರಿ. ಮುಖ್ಯವಾಗಿ ಕೋಟು ಹಿಡಿದು ನಿಂತವರದ್ದು. ಅವರ ಮೊಮ್ಮಕ್ಕಳ ಬಳಿ ಬೇರೆ ಫೋಟೋ ಇರುವ ಸಂಭವವಿಲ್ಲ.

ಕಂಪ್ಲಿ_ಕೋಟೆ
ಖಂಡಿತ ಕೇಳುತ್ತೇನೆ, ಆಕೆಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತೇನೆ. ಸ್ಕ್ಯಾನ್ ಆದ ಮೇಲೆ ಪೂರ್ತಿ ಫೋಟೋವನ್ನು ಯಾರನ್ನೂ ಕತ್ತರಿಸದೆ ಇಲ್ಲಿಯೇ ಹಾಕುತ್ತೇನೆ. ರಾಯಚೂರಿನ ಹಳೆಯ ಹತ್ತಿ ಕಾರ್ಖಾನೆಗಳಲ್ಲಿ ದುಡಿದವರ ಮನೆತನಗಳನ್ನು ಬಲ್ಲವರಿದ್ದರೆ ದಯವಿಟ್ಟು ಅವರಿಗೆ ತಲುಪಿಸಿರಿ.

ರಾಯಚೂರು_ಉರ್ದುಮೇಷ್ಟ್ರು
ಹಾಕಿರಿ. ನಮ್ಮ ಓಣಿಯಲ್ಲಿ ಹತ್ತಿಯ ಕಾರ್ಖಾನೆಯಲ್ಲಿದ್ದವರ ಮನೆಗಳು ಈಗಲೂ ಇವೆ, ನಾನೇ ಒಯ್ದು ತೋರಿಸುತ್ತೇನೆ.